ಮೊಡವೆ ಬಿಟ್ಟುಹೋದದ್ದು ಕಲೆಯೋ, ಗುಳಿಯೋ?

ಹಗಲು ಹೊತ್ತಿನಲ್ಲಿ ಕಿಟಕಿಗೆ ಪಕ್ಕವಾಗಿ ನಿಂತು ಕನ್ನಡಿ ಹಿಡಿಯಿರಿ. ಬೆಳಕು ಕೆನ್ನೆಯ ಮೇಲೆ ಓರೆಯಾಗಿ ಬೀಳಬೇಕು. ಚರ್ಮ ಸಮತಟ್ಟಾಗಿದ್ದು ಕಂದು ಇಲ್ಲವೇ ಕೆಂಪು ಬಣ್ಣ ಮಾತ್ರ ಕಂಡರೆ ಅದು ಕಲೆ. ಪುಟ್ಟ ನೆರಳು ಬಿದ್ದರೆ ಗುಳಿ. ಎರಡಕ್ಕೂ ಮದ್ದು ಬೇರೆ ಬೇರೆ. ಗುಳಿಗೆ ಕ್ರೀಮ್ ಹಚ್ಚಿ ವರ್ಷಗಟ್ಟಲೆ ಕಾಯುವವರೇ ಹೆಚ್ಚು.

ಮೊಡವೆಯ ಉರಿಯೂತಕ್ಕೆ ಕೆರಳಿದ ಚರ್ಮ ಹೆಚ್ಚು ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಸುರಿದದ್ದೇ ಕಂದು ಕಲೆ. ನಮ್ಮ ಮೈಬಣ್ಣದವರಿಗೆ ಇದು ಸಾಮಾನ್ಯ. ತಿಂಗಳುಗಳು ಕಳೆದಂತೆ ತಾನಾಗಿ ಮಾಸುತ್ತದೆ. ಗುಳಿಯಲ್ಲಿ ಒಳಪದರದ ಕೊಲಾಜನ್ನೇ (ಚರ್ಮವನ್ನು ತುಂಬಿ ಹಿಡಿಯುವ ನಾರಿನಂಥ ಪ್ರೋಟೀನ್) ಹಾಳಾಗಿರುತ್ತದೆ. ಮೇಲಿನಿಂದ ಹಚ್ಚಿದ ಮುಲಾಮು ಅದನ್ನು ತುಂಬಿಸಲಾರದು.

ಹೊಸ ಮೊಡವೆ ಏಳುತ್ತಿರುವಾಗ ಹಳೆಯ ಗುರುತಿಗೆ ಖರ್ಚು ಮಾಡುವುದು ದಂಡ. ಮೊದಲು ಹೊಸದನ್ನು ತಡೆಯಿರಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು 0.1% ಅಡಾಪಲೀನ್ ಜೆಲ್ ಅನ್ನು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಿ. ಮೊದಲ 2 ವಾರ ಒಂದು ದಿನ ಬಿಟ್ಟು ಒಂದು ದಿನ ಸಾಕು. ಬೇಗ ಗುಣವಾಗಲೆಂದು ಹೆಚ್ಚು ಹಚ್ಚಿದರೆ ಚರ್ಮ ಉರಿದು ಸಿಪ್ಪೆ ಏಳುತ್ತದೆ, ಆ ಉರಿಯೇ ಹೊಸ ಕಲೆ ತರುತ್ತದೆ. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಹಚ್ಚಬಾರದು. ಬೆಳಿಗ್ಗೆಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ 2.5% ಬೆಂಜೋಯಿಲ್ ಪೆರಾಕ್ಸೈಡ್ ಒಳ್ಳೆಯದು, ಆದರೆ ಬಣ್ಣದ ಬೈರಾಸಿಗೆ (ಟವೆಲಿಗೆ) ತಾಗಿದರೆ ಬಣ್ಣ ಬಿಡುತ್ತದೆ. ದೊಡ್ಡ, ನೋಯುವ ಗಂಟುಗಳಿದ್ದರೆ ಇಷ್ಟಕ್ಕೆ ನಿಲ್ಲದು. ಗುಳಿ ಬೀಳುವ ಮೊದಲೇ ಚರ್ಮದ ಡಾಕ್ಟರನ್ನು ಕಾಣಿ.

ಕಲೆಗೆ ಮುಖ್ಯ ಮದ್ದು ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಹೆಚ್ಚಿನದು, ಎರಡು ಬೆರಳುದ್ದದಷ್ಟು, ಮುಖ ಕುತ್ತಿಗೆಗೆ. ಕರಾವಳಿಯ ಸೆಕೆಗೆ ದಪ್ಪ ಕ್ರೀಮ್ ಬೆವರಿನೊಂದಿಗೆ ಇಳಿದುಹೋಗುತ್ತದೆ, ಜೆಲ್ ರೂಪದ್ದು ತೆಗೆದುಕೊಳ್ಳಿ. ಬೆವರನ್ನು ಉಜ್ಜದೆ ಒತ್ತಿ ಒರೆಸಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮೋಡ ನೋಡಿ ಬಿಡಬೇಡಿ, ಅತಿನೇರಳೆ ಕಿರಣ ಮೋಡದಲ್ಲೂ ತೂರಿಬರುತ್ತದೆ. ಜೊತೆಗೆ 15–20% ಅಜೆಲೇಯಿಕ್ ಆಸಿಡ್ ಹಚ್ಚಿದರೆ 12 ವಾರದ ಹೊತ್ತಿಗೆ ವ್ಯತ್ಯಾಸ ಕಾಣಬಹುದು.

ಲಿಂಬೆಹುಳಿ ಬೇಡವೇ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ತಲೆಗೆ ಹಾಕಿದ ತೆಂಗಿನೆಣ್ಣೆ ಹೆಲ್ಮೆಟ್ಟಿನೊಳಗೆ ಹಣೆಗೆ ಇಳಿದರೆ ರಂಧ್ರ ಮುಚ್ಚಿ ಮೊಡವೆ ಹೆಚ್ಚುತ್ತದೆ. ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಸಿಗುವ ‘ಬಿಳಿಯಾಗುವ’ ಟ್ಯೂಬಿನ ಹಿಂದೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂದಿದ್ದರೆ ವಾಪಸ್ ಕೊಡಿ. ಅವು ಸ್ಟೀರಾಯ್ಡ್. ಮೊದಲು ಹೊಳಪು, ಆಮೇಲೆ ತೆಳುವಾದ ಚರ್ಮ ಮತ್ತು ಮೊದಲಿಗಿಂತ ಜೋರಾದ ಮೊಡವೆ.

ಇನ್ನು ಗುಳಿ. ಎರಡು ಬೆರಳಿನಿಂದ ಚರ್ಮವನ್ನು ಎಳೆದು ಹಿಡಿಯಿರಿ. ಮಾಯವಾದರೆ ಅದು ಅಲೆಯಂಥ ‘ರೋಲಿಂಗ್’ ಗುಳಿ. ಒಳಗಿನ ನಾರು ಚರ್ಮವನ್ನು ಕೆಳಗೆ ಜಗ್ಗಿರುತ್ತದೆ. ಸೂಜಿಯಿಂದ ಆ ನಾರನ್ನು ಕತ್ತರಿಸುವ ಸಬ್‌ಸಿಶನ್ ಇದಕ್ಕೆ ಸರಿ. ಎಳೆದರೂ ಹೋಗದ, ಸೂಜಿಯಿಂದ ಚುಚ್ಚಿದಂಥ ಆಳದ ತೂತು ‘ಐಸ್ ಪಿಕ್’. ಅದರೊಳಕ್ಕೆ ಮಾತ್ರ ಗಾಢ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಸಿಡ್ ಇಡುತ್ತಾರೆ. ಇದು ಡಾಕ್ಟರ ಕೈಯಲ್ಲೇ ಆಗಬೇಕಾದ ಕೆಲಸ. ಅಂಚು ಸ್ಪಷ್ಟವಿರುವ ಅಗಲದ ‘ಬಾಕ್ಸ್‌ಕಾರ್’ಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚುಚ್ಚುವುದು) ಅಥವಾ ಫ್ರ್ಯಾಕ್ಷನಲ್ ಲೇಸರ್ (ಚುಕ್ಕಿ ಚುಕ್ಕಿಯಾಗಿ ಬಿಡುವ ಲೇಸರ್), 4–6 ವಾರಗಳ ಅಂತರದಲ್ಲಿ ಹಲವು ಸಲ. ಒಂದೇ ಮುಖದಲ್ಲಿ ಮೂರೂ ಇರಬಹುದಾದ್ದರಿಂದ ಒಂದೇ ‘ಪ್ಯಾಕೇಜ್’ ಮಾರುವವರನ್ನು ಸ್ವಲ್ಪ ಅನುಮಾನಿಸಿ. ಕಂದು ಚರ್ಮದಲ್ಲಿ ಲೇಸರ್ ಜೋರಾದರೆ ಹೊಸ ಕಪ್ಪು ಬರುತ್ತದೆ. ದವಡೆ, ಎದೆ, ಭುಜದಲ್ಲಿ ಗಾಯ ಮಾಗಿದಲ್ಲಿ ಉಬ್ಬಿದ ಗಂಟು (ಕೀಲಾಯ್ಡ್) ಬೆಳೆಯುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಅದಕ್ಕೆ ಡಾಕ್ಟರು ಗಂಟಿನೊಳಗೆ ಕೊಡುವ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬೇರೆ ದಾರಿ. ಮಂಗಳೂರಿನ ವೆನ್ಲಾಕ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ.

ಕೊಲಾಜನ್ ಕಟ್ಟಲು ತಿಂಗಳುಗಳೇ ಬೇಕು. ಮೇ ತಿಂಗಳ ಮದುವೆಗೆ ಮುಖ ಸಿದ್ಧವಾಗಬೇಕಾದರೆ ಹಿಂದಿನ ಮಳೆಗಾಲದಲ್ಲೇ ಶುರು ಮಾಡಿ. ಸೂಜಿ, ಲೇಸರ್ ಆದ ಮೇಲೆ ಹಕ್ಕಳೆ ಕೀಳಬೇಡಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ, ಚರ್ಮ ಪೂರ್ತಿ ಕೂಡುವವರೆಗೆ ಮಲ್ಪೆಯ ಕಡಲ ನೀರಿಗೂ ಪಣಂಬೂರು ಬೀಚಿನ ಬಿಸಿಲಿಗೂ ಇಳಿಯಬೇಡಿ.