ಕೊಮೆಡಾ ಅವರ ಸಂಗೀತವನ್ನು ಎಲ್ಲಿಂದ ಕೇಳತೊಡಗಬೇಕು?

ಪೋಲೆಂಡಿನ ಜಾಝ್ ಪಿಯಾನೊ ವಾದಕ ಕ್ಷಿಷ್ಟೋಫ್ ಕೊಮೆಡಾ ಅವರನ್ನು ಕೇಳಬೇಕೆನ್ನುವವರು ಮೊದಲಿಗೇ ‘ಅಸ್ಟಿಗ್ಮ್ಯಾಟಿಕ್’ ಆಲ್ಬಮ್‌ಗೆ ಕೈಹಾಕಿದರೆ ಅರ್ಧಕ್ಕೇ ಬಿಟ್ಟೇಳುವ ಸಂಭವ ಹೆಚ್ಚು. ಅದು ಅವರ ಶ್ರೇಷ್ಠ ಕೃತಿ ಎಂಬುದು ನಿಜ. ಆದರೆ ಅಲ್ಲಿಗೆ ಹೋಗುವ ಸುಗಮ ದಾರಿ ಅವರ ಸಿನಿಮಾ ಸಂಗೀತದ ಮೂಲಕ ಹಾದುಹೋಗುತ್ತದೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1931ರ ಏಪ್ರಿಲ್ 27ರಂದು ಪೊಜ್ನಾನ್‌ನಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ಕ್ಷಿಷ್ಟೋಫ್ ಟ್ಶ್ಚಿನ್ಸ್ಕಿ. ಓದಿದ್ದು ವೈದ್ಯಕೀಯ, ವೃತ್ತಿಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರು. ಸ್ಟಾಲಿನ್ ಕಾಲದ ಪೋಲೆಂಡಿನಲ್ಲಿ ಜಾಝ್ ಅನುಮಾನಕ್ಕೆ ಗುರಿಯಾದ ಕಲೆಯಾಗಿದ್ದುದರಿಂದ, ಆಸ್ಪತ್ರೆಯ ಸಹೋದ್ಯೋಗಿಗಳಿಗೆ ತಿಳಿಯದಿರಲೆಂದು ‘ಕೊಮೆಡಾ’ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದರು. 1956ರ ಆಗಸ್ಟ್‌ನಲ್ಲಿ ಸೋಪೋತ್‌ನಲ್ಲಿ ನಡೆದ ಮೊದಲ ಜಾಝ್ ಉತ್ಸವದಲ್ಲಿ ಅವರ ಆರು ಜನರ ತಂಡ ಹೆಸರು ಮಾಡಿತು.

ಮೊದಲು ರೋಮನ್ ಪೊಲಾನ್ಸ್ಕಿ ಅವರ ‘ರೋಸ್‌ಮೇರೀಸ್ ಬೇಬಿ’ (1968) ಚಿತ್ರದ ಆರಂಭವನ್ನಷ್ಟೇ ಕೇಳಿ. ನ್ಯೂಯಾರ್ಕಿನ ಛಾವಣಿಗಳ ಮೇಲೆ ಕ್ಯಾಮೆರಾ ಸಾಗುವಾಗ ನಟಿ ಮಿಯಾ ಫ್ಯಾರೋ ಪದಗಳಿಲ್ಲದ ಜೋಗುಳವೊಂದನ್ನು ಗುನುಗುತ್ತಾರೆ. ಸರಳವಾದ ಆ ರಾಗದೊಳಗೆ ಅಂಜಿಕೆ ಹೇಗೆ ನುಸುಳುತ್ತದೆಂದು ಗಮನಿಸಿ. ಕೊಮೆಡಾ ಅವರ ಸ್ವಭಾವವೆಲ್ಲ ಅದರಲ್ಲಿದೆ. ಬಳಿಕ ‘ನೈಫ್ ಇನ್ ದ ವಾಟರ್’ (1962) ಚಿತ್ರವನ್ನು ಪೂರ್ತಿ ನೋಡಿ. ದೋಣಿಯಲ್ಲಿ ಮೂವರೇ ಪಾತ್ರಗಳು. ಅವರ ನಡುವಿನ ಮಾತಾಡದ ಮಾತನ್ನೆಲ್ಲ ಸ್ವೀಡನ್ನಿನ ಬರ್ನ್ಟ್ ರೋಸೆನ್‌ಗ್ರೆನ್ ಅವರ ಸ್ಯಾಕ್ಸೋಫೋನ್ ಆಡುತ್ತದೆ. ಒಂದು ದೃಶ್ಯವನ್ನು ಧ್ವನಿಯಿಲ್ಲದೆ ನೋಡಿ, ಮತ್ತೆ ಧ್ವನಿಯೊಡನೆ ನೋಡಿದರೆ ಸಂಗೀತ ಮಾಡುತ್ತಿರುವ ಕೆಲಸ ತಿಳಿಯುತ್ತದೆ.

ಈಗ ‘ಅಸ್ಟಿಗ್ಮ್ಯಾಟಿಕ್’. 1965ರ ಡಿಸೆಂಬರ್‌ನಲ್ಲಿ ವಾರ್ಸಾದಲ್ಲಿ ಧ್ವನಿಮುದ್ರಣಗೊಂಡ ಇದರಲ್ಲಿರುವುದು ಮೂರೇ ರಚನೆಗಳು. ಶೀರ್ಷಿಕೆಯ ರಚನೆಯೇ 20 ನಿಮಿಷ ಮೀರುತ್ತದೆ; ರಾಗ-ತಾನ-ಪಲ್ಲವಿಗೆ ಕುಳಿತು ಅಭ್ಯಾಸವಿರುವವರಿಗೆ ಇದೇನೂ ದೀರ್ಘವೆನಿಸದು. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಬಾಸ್ ಎಂಬ ತಗ್ಗು ದನಿಯ ದೊಡ್ಡ ತಂತಿವಾದ್ಯ ಕೇಳಿಸುವುದೇ ಇಲ್ಲ; ಹೆಡ್‌ಫೋನ್ ಇರಲಿ. ಮೊದಲ ಸಲ ಗುಂಟರ್ ಲೆಂಜ್ ಅವರ ಬಾಸ್ ಮತ್ತು ರೂನೆ ಕಾರ್ಲ್‌ಸನ್ ಅವರ ಡ್ರಮ್ಸ್ ಹಿಂದೆಯೇ ಸಾಗಿ. ಎರಡನೆಯ ಸಲ ತೋಮಾಶ್ ಸ್ತಾಂಕೊ ಅವರ ಟ್ರಂಪೆಟ್ ಮತ್ತು ಜ್ಬಿಗ್ನೆವ್ ನಮಿಸ್ವೋಫ್ಸ್ಕಿ ಅವರ ಸ್ಯಾಕ್ಸೋಫೋನ್ ಕಡೆ ಕಿವಿ ಕೊಡಿ. ಮೂರನೆಯ ಸಲವಷ್ಟೇ ಪಿಯಾನೊ. ಕೊಮೆಡಾ ಬೆರಳಿನ ಚಮತ್ಕಾರ ತೋರುವವರಲ್ಲ. ಇತರರು ಏರುತ್ತಿರುವಾಗ ಅವರು ಕೆಲವೇ ಸ್ವರಗಳನ್ನು ಇಟ್ಟು, ನಡುವೆ ಜಾಗ ಬಿಟ್ಟು, ಇಡೀ ರಚನೆಯ ದಿಕ್ಕು ತಿರುಗಿಸುತ್ತಾರೆ. ನನ್ನ ಮಟ್ಟಿಗೆ ಅವರ ಹೆಚ್ಚುಗಾರಿಕೆ ನುಡಿಸಿದ್ದರಲ್ಲಿ ಇರುವಷ್ಟೇ ನುಡಿಸದೆ ಬಿಟ್ಟದ್ದರಲ್ಲಿಯೂ ಇದೆ.

ಲಾಸ್ ಏಂಜಲೀಸ್‌ನಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಅವರು 1969ರ ಏಪ್ರಿಲ್ 23ರಂದು, 38 ತುಂಬುವ ಮೊದಲೇ, ವಾರ್ಸಾದಲ್ಲಿ ತೀರಿಕೊಂಡರು. ಈ ದುರಂತವನ್ನು ತಲೆಯಲ್ಲಿಟ್ಟುಕೊಂಡು ಕೇಳಲು ಕೂರಬೇಡಿ. ಇಲ್ಲವಾದರೆ ಪ್ರತಿಯೊಂದು ಸ್ವರವೂ ಅಪಶಕುನವಾಗಿ ಕೇಳಿಸತೊಡಗುತ್ತದೆ.

ಕೊನೆಗೆ ಸ್ತಾಂಕೊ ಅವರ ‘ಲಿತಾನಿಯಾ’ (1997) ಆಲ್ಬಮ್ ಹಚ್ಚಿ. ಅದರಲ್ಲಿರುವುದು ಕೊಮೆಡಾ ಅವರ ರಚನೆಗಳೇ, ಪಿಯಾನೊದಲ್ಲಿ ಬೋಬೊ ಸ್ಟೆನ್ಸನ್ ಇದ್ದಾರೆ, ‘ನೈಫ್ ಇನ್ ದ ವಾಟರ್’ನಲ್ಲಿ ನುಡಿಸಿದ ರೋಸೆನ್‌ಗ್ರೆನ್ ಇಲ್ಲೂ ನುಡಿಸಿದ್ದಾರೆ. ಅವರಿಗಾಗಿಯೇ ಬರೆದ ‘ಬ್ಯಾಲಡ್ ಫಾರ್ ಬರ್ನ್ಟ್’ ಅನ್ನು ಮೊದಲು ಚಿತ್ರದಲ್ಲಿ, ಕೂಡಲೇ ಇಲ್ಲಿ, ಒಂದರ ಬೆನ್ನಿಗೆ ಒಂದಾಗಿ ಕೇಳಿ.