ದಿಂಬುಗಳನ್ನೂ ಲೆಕ್ಕ ಇಟ್ಟೆ

ನನ್ನ ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರುತ್ತಿತ್ತು. ಬದಲಾಯಿಸದೆ, ಇದ್ದದ್ದನ್ನೇ ಸರಿಪಡಿಸಿ ಸುತ್ತ ಒಂದು ಉಂಗುರ ಹೊಲಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ನನ್ನನ್ನು ಕಾಡಿದ್ದು ಆಮೇಲಿನ ದಿನಗಳು.

ಮೂರನೆಯ ರಾತ್ರಿ ಎದೆಬಡಿತ ಅಡ್ಡಾದಿಡ್ಡಿಯಾಯಿತು. ಮಾನಿಟರಿನಲ್ಲಿ ಈಗ 118, ಮರುಗಳಿಗೆ 151. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು, ಎಂದರು. ಕವಾಟದ ಶಸ್ತ್ರಚಿಕಿತ್ಸೆಯಾದ ಎರಡರಿಂದ ನಾಲ್ಕು ದಿನಗಳೊಳಗೆ ಇದು ಬರುವುದು ತೀರಾ ಸಾಮಾನ್ಯವಂತೆ. ಮೊದಲೇ ಹೇಳಿದ್ದರೆ ಆ ರಾತ್ರಿ ಅಷ್ಟು ನಡುಗುತ್ತಿರಲಿಲ್ಲ. ಲಯ ಸರಿಪಡಿಸುವ ಅಮಿಯೊಡರಾನ್ ಔಷಧಿ ಹನಿಸಿದರು, ಬೆಳಗಾಗುವಷ್ಟರಲ್ಲಿ ಲಯ ಮರಳಿತು.

ಮನೆಗೆ ಹೊರಟಾಗ ನರ್ಸ್ ಒಬ್ಬರು ನನ್ನ ಎರಡು ಬೆರಳುಗಳನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ತಗ್ಗಿನಲ್ಲಿ ಇರಿಸಿ, ‘ಪೂರ್ತಿ ಒಂದು ನಿಮಿಷ ಎಣಿಸಿ’ ಎಂದರು. ಲಯ ತಪ್ಪಿದ ನಾಡಿಯನ್ನು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಅಂದಿನಿಂದ ದಿನವೂ ಬೆಳಿಗ್ಗೆ ಬರೆದಿಟ್ಟೆ: ತೂಕ, ನಾಡಿ, ಜ್ವರ. ಜೊತೆಗೆ ನಾನಾಗಿ ಸೇರಿಸಿದ್ದು, ರಾತ್ರಿ ಉಸಿರಾಟ ಸಲೀಸಾಗಲೆಂದು ತಲೆಗಿಟ್ಟುಕೊಂಡ ದಿಂಬುಗಳ ಸಂಖ್ಯೆ.

ನಾಲ್ಕನೆಯ ವಾರ ಸುಸ್ತು ಶುರುವಾಯಿತು. ಶಸ್ತ್ರಚಿಕಿತ್ಸೆಯ ಆಯಾಸ, ಹೋಗುತ್ತದೆ ಎಂದು ಮನೆಯವರೆಲ್ಲ ಹೇಳಿದರು, ನಾನೂ ನಂಬಿದ್ದೆ. ಆದರೆ ನೋಟ್‌ಬುಕ್ ಬೇರೆಯೇ ಹೇಳುತ್ತಿತ್ತು. 78ರ ಆಸುಪಾಸಿನಲ್ಲಿದ್ದ ನಾಡಿ 92, 98, 104. ಜ್ವರ 37.8 ಡಿಗ್ರಿ. ಮೂರು ದಿನಗಳಲ್ಲಿ ತೂಕ ಒಂದೂವರೆ ಕಿಲೋ ಹೆಚ್ಚು. ಎರಡಿದ್ದ ದಿಂಬು ನಾಲ್ಕಾಗಿತ್ತು. ಅಂಗಾತ ಮಲಗಿದರೆ ಎದೆ ಚುಚ್ಚುತ್ತಿತ್ತು, ಮುಂದಕ್ಕೆ ಬಾಗಿ ಕೂತರೆ ಹಗುರವಾಗುತ್ತಿತ್ತು. ಆ ಪುಟವನ್ನು ಫೋನಿನಲ್ಲಿ ಓದಿ ಹೇಳಿದೆ. ‘ಈಗಲೇ ಬನ್ನಿ’ ಎಂದರು.

ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ಅದರ ಸುತ್ತ ಕಪ್ಪು ಪಟ್ಟಿಯಂತೆ ದ್ರವ ಕಂಡಿತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ, 2ರಿಂದ 3ರೊಳಗೆ ಇರಬೇಕಾಗಿದ್ದ ಐಎನ್‌ಆರ್ 4.3 ಇತ್ತು. ರಕ್ತ ಹೆಪ್ಪುಗಟ್ಟದಿರಲೆಂದು ಮೊದಲ ಮೂರು ತಿಂಗಳಿಗೆ ಕೊಟ್ಟಿದ್ದ ವಾರ್ಫರಿನ್‌ನ ಪ್ರಭಾವವನ್ನು ಅಮಿಯೊಡರಾನ್ ಹೆಚ್ಚಿಸುತ್ತದೆ, ಅದೂ ವಾರಗಟ್ಟಲೆ ನಿಧಾನವಾಗಿ. ಹೃದಯದ ಹೊದಿಕೆ ಉರಿಯೂತದಿಂದ ಕೆರಳಿ ದ್ರವ ಸೇರುತ್ತಿದ್ದಾಗ ರಕ್ತವೂ ಅತಿಯಾಗಿ ತೆಳುವಾಗಿತ್ತು, ಹಾಗಾಗಿ ಒಳಗೆ ಒಸರಿತು. ನನ್ನ ಸಿಟ್ಟು ಇಲ್ಲಿದೆ: ಡಿಸ್ಚಾರ್ಜ್ ಚೀಟಿಯಲ್ಲಿ ಆ ಎರಡೂ ಮಾತ್ರೆಗಳ ಹೆಸರು ಒಂದರ ಕೆಳಗೊಂದು ಇದ್ದವು. ಒಂದು ಇನ್ನೊಂದನ್ನು ಏನು ಮಾಡುತ್ತದೆ ಎಂಬುದು ಎಲ್ಲೂ ಇರಲಿಲ್ಲ. ರಕ್ತಪರೀಕ್ಷೆಯನ್ನು ಮೂರು ವಾರ ಮುಂದಕ್ಕೆ ಹಾಕಿದ್ದರು. ಆ ಹಂತದಲ್ಲಿ ವಾರಕ್ಕೊಮ್ಮೆಯಾದರೂ ಆಗಬೇಕಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ.

ವಾರ್ಫರಿನ್ ನಿಲ್ಲಿಸಿ, ಅದರ ಪ್ರಭಾವ ಇಳಿಸಿ, ಸೂಜಿಯಿಂದ 600 ಮಿಲಿಲೀಟರ್ ಕೆಂಪು ದ್ರವ ತೆಗೆದರು. ಸೂಜಿ ಇನ್ನೂ ಒಳಗಿದ್ದಾಗಲೇ ಉಸಿರು ಸಡಿಲವಾಯಿತು. ದ್ರವ ಬಸಿಯಲು ಇಟ್ಟಿದ್ದ ಕೊಳವೆಯನ್ನು ಎರಡು ದಿನ ಬಿಟ್ಟು ತೆಗೆದರು. ಕಡಿಮೆ ಪ್ರಮಾಣದಲ್ಲಿ ವಾರ್ಫರಿನ್ ಮತ್ತೆ ಶುರುವಾದಾಗ ಮುಂದಿನ ಪರೀಕ್ಷೆಯ ದಿನಾಂಕವನ್ನು ನಾನೇ ಕೇಳಿ ಬರೆಸಿಕೊಂಡೆ.

ಮೊನ್ನೆ ಹಲ್ಲು ಕೀಳಿಸಬೇಕಾಯಿತು. ಕವಾಟದಲ್ಲಿ ಉಂಗುರವಿದ್ದರೆ ಬಾಯಿಯ ಬ್ಯಾಕ್ಟೀರಿಯಾ ಅಲ್ಲಿ ಮನೆಮಾಡಬಹುದು. ಕುರ್ಚಿಯಲ್ಲಿ ಕೂರುವ ಮೊದಲೇ ವೈದ್ಯರಿಗೆ ನೋಟ್‌ಬುಕ್‌ನ ಮೊದಲ ಪುಟ ತೋರಿಸಿದೆ. ಆ್ಯಂಟಿಬಯೋಟಿಕ್ ನುಂಗಿ ಒಂದು ಗಂಟೆ ಹೊರಗೆ ಕಾದೆ.