ಈಯದ ಮೇಕೆಗೆ ಕೆಚ್ಚಲು ಬಂದರೆ?

ನಮ್ಮ ಮನೆಯ ಹೆಣ್ಣು ಮರಿಗೆ ಆಗ ಎಂಟು ತಿಂಗಳು. ಒಂದು ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ನೋಡಿದರೆ ಹಿಂಗಾಲುಗಳ ನಡುವೆ ಕಿತ್ತಳೆ ಗಾತ್ರದ ಕೆಚ್ಚಲು! ಹಾಲಿದೆಯಾ ನೋಡೋಣ ಅಂತ ಕೈ ತಾನಾಗಿ ತೊಟ್ಟಿಗೆ ಹೋಯಿತು. ಮಾಡಬಾರದ ಕೆಲಸವೇ ಅದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ದಿನ ಲೆಕ್ಕ ಹಾಕಿ. ‘ನಮ್ಮಲ್ಲಿ ಹೋತವೇ ಇಲ್ಲ’ ಎನ್ನುವವರೇ ಜಾಸ್ತಿ. ಆದರೆ ಜೊತೆಗೆ ಮೇಯುವ ಗಂಡು ಮರಿ ಮೂರು-ನಾಲ್ಕು ತಿಂಗಳಿಗೇ ಹೋತನ ಕೆಲಸ ಮಾಡಬಲ್ಲದು. ಹೆಣ್ಣು ಮರಿಯೂ ನಾಲ್ಕೈದು ತಿಂಗಳಿಗೆ ಬೆದೆಗೆ ಬರಬಹುದು. ಒಡಹುಟ್ಟು ಎಂಬ ನಾಚಿಕೆಯೆಲ್ಲ ಮೇಕೆಗಿಲ್ಲ. ಗಬ್ಬ ಸುಮಾರು 150 ದಿನ. ಚೊಚ್ಚಲಿಗೆ ಸಾಮಾನ್ಯವಾಗಿ ಕೊನೆಯ ಒಂದು-ಒಂದೂವರೆ ತಿಂಗಳಲ್ಲಿ ಕೆಚ್ಚಲು ಇಳಿಯುತ್ತದೆ. ಹಾಗಾಗಿ ನಾಲ್ಕು ತಿಂಗಳ ಹಿಂದೆ ಅದರ ಪಕ್ಕ ಯಾರಿದ್ದರು ಅಂತ ನೆನಪು ಮಾಡಿಕೊಳ್ಳಿ. ಸಂತೆಯಿಂದ ತಂದ ಮರಿಯಾದರೆ ಗಬ್ಬ ಎಂದೇ ಹಿಡಿದುಕೊಂಡು ಸ್ಕ್ಯಾನಿಂಗ್ ಮಾಡಿಸಿ. ಎಳೆ ಮೇಕೆಗೆ ಹೆರಿಗೆ ಕಷ್ಟವಾಗಬಹುದು, ವೈದ್ಯರಿಗೆ ಮೊದಲೇ ಹೇಳಿಟ್ಟಿರಿ.

ಆಮೇಲೆ ಮುಟ್ಟಿ ನೋಡಿ. ಹಿಂಡಬೇಡಿ, ಅಂಗೈ ಮಾತ್ರ ಇಡಿ. ಮೆತ್ತಗಿದ್ದು, ಮರಿ ಸುಮ್ನೆ ಮೆಲುಕು ಹಾಕುತ್ತಾ ನಿಂತಿದ್ದರೆ ಗಾಬರಿ ಬೇಡ. ಸುಡುವಷ್ಟು ಬಿಸಿ, ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಒದೆಯುತ್ತದೆ, ಹಿಂಗಾಲು ಎಳೆಯುತ್ತದೆ ಎಂದಾದರೆ ಕೆಚ್ಚಲು ಬಾವು ಇರಬಹುದು. 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಚರ್ಮ ನೀಲಿಗಟ್ಟಿ ತಣ್ಣಗಾಗಿದ್ದರಂತೂ ಸಂಜೆವರೆಗೆ ಕಾಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಗಬ್ಬವೂ ಇಲ್ಲ, ಬಾವೂ ಇಲ್ಲ ಎಂದರೆ ಹಾರ್ಮೋನಿನ ಆಟ. ಸಾನೆನ್‌ನಂಥ ಹಾಲಿನ ತಳಿಗಳಲ್ಲಿ ಇದು ಹೆಚ್ಚು. ಗರ್ಭಕೋಶದಲ್ಲಿ ಬರೀ ನೀರು ತುಂಬಿಕೊಳ್ಳುವ ಸುಳ್ಳು ಗಬ್ಬವೂ ಇರಬಹುದು, ಅದೂ ಸ್ಕ್ಯಾನಿಂಗಿನಲ್ಲೇ ಗೊತ್ತಾಗುತ್ತದೆ. ಮೆಕ್ಕೆಜೋಳದ ಚೀಲಕ್ಕೂ ಕೈ ಹಾಕಿ ನೋಡಿ. ಬೂಷ್ಟು ಹಿಡಿದ ಕಾಳಿನಲ್ಲಿ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ವಿಷ ಇರಬಹುದು. ಬೆಳಿಗ್ಗೆ ತೊಟ್ಟು ಒದ್ದೆಯಾಗಿದೆಯಾ? ಹಾಗಿದ್ದರೆ ಪಕ್ಕದ ಮರಿ ಚೀಪುತ್ತಿರಬೇಕು, ಬೇರೆ ಕಟ್ಟಿ.

ಈಗ ಹಿಂಡುವ ವಿಷಯ. ತೊಟ್ಟಿನ ತುದಿಯಲ್ಲಿ ಮೇಣದಂಥ ಒಂದು ಬಿರಡೆ ಇರುತ್ತದೆ. ಹಿಂಡಿದರೆ ಅದು ಕಳಚಿ, ಕೊಟ್ಟಿಗೆಯ ಕೊಳೆಗೆ ಬಾಗಿಲು ತೆರೆದಂತೆ. ಮೇಲಾಗಿ ಹಿಂಡಿದಷ್ಟೂ ಹಾಲು ಊರುತ್ತದೆ, ಬಿಟ್ಟರೆ ಹೆಚ್ಚಾಗಿ ತಾನೇ ಬತ್ತುತ್ತದೆ. ತೀರಾ ಬಿಗಿದು ನೋವು ಪಡುತ್ತಿದ್ದರೆ ವೈದ್ಯರು ನೋಡಲಿ. ಗಬ್ಬವಿಲ್ಲ ಎಂಬುದು ಖಾತ್ರಿಯಾದರೆ ಎಣ್ಣೆಹಿಂಡಿ, ಬೂಸ ಎರಡನ್ನೂ ಕಡಿಮೆ ಮಾಡಿ ಒಣಮೇವು ಹಾಕಿ. ಗಬ್ಬದ ಮೇಕೆಗೆ ಹೀಗೆ ಮಾಡಿದರೆ ಹೊಟ್ಟೆಯ ಮರಿಗೇ ಪೆಟ್ಟು, ಅದಕ್ಕೇ ಮೊದಲು ಸ್ಕ್ಯಾನಿಂಗ್ ಎಂದದ್ದು.

ನಮ್ಮದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎರಡು ತಿಂಗಳಲ್ಲಿ ಕಿತ್ತಳೆ ನಿಂಬೆಹಣ್ಣಾಯಿತು.